ತಗ್ಗಿ ನೋಡುವ ಕ್ಯಾಮೆರಾ

ಕುರ್ಚಿ ಅಂಗಳಕ್ಕೆ ಬಂದದ್ದೇ ತಡ, ಮುನಿಲಕ್ಷ್ಮಮ್ಮ ಸೆರಗನ್ನು ಮುಖದ ತುಂಬ ಎಳೆದುಕೊಂಡು ಒಳಗೆ ನಡೆದುಬಿಟ್ಟಳು. ಕ್ಯಾಮೆರಾವನ್ನು ಕಣ್ಣಿಗೊತ್ತಿ ನಿಂತಿದ್ದ ರೇವಣಸಿದ್ದಯ್ಯನ ಎದುರಿಗೆ ಉಳಿದದ್ದು ಬರಿಯ ಕುರ್ಚಿ, ಅದರ ಹಿಂದೆ ಸುಣ್ಣ ಬಳಿದ ಗೋಡೆ, ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತ ಮಗ ಮುನಿಯಣ್ಣ.

"ಕೋವಿ ಹಿಡ್ದಂಗೆ ಹಿಡ್ಕಂಡು ನಿಂತವ್ರೆ. ನಾನೇನು ಕಾಡುಹಂದಿಯಾ?" ಎಂದು ಒಳಗಿನಿಂದ ಮಾತು ಬಂತು.

ಮುನಿಯಣ್ಣನದು ನಾಯಂಡಹಳ್ಳಿಯಲ್ಲಿ ಸೊಪ್ಪು, ತರಕಾರಿ ಬೆಳೆಯುವ ತೋಟ. ವೃಷಭಾವತಿ ಹೊಳೆಯ ನೀರು ಒದಗಿ ಬರುತ್ತಿದ್ದುದರಿಂದ ವರ್ಷವಿಡೀ ಕೈತುಂಬ ಕೆಲಸ. ಅವನ ತಂದೆ ಮರಿಯಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿದ್ದಾಗ ಒಂದು ದಿನವೂ ಫೋಟೋಕ್ಕೆ ನಿಂತ ಮನುಷ್ಯನಲ್ಲ. ಉಸಿರು ನಿಂತ ಮೇಲೆ ನೆಂಟರೆಲ್ಲ ಸೇರಿ, ಆ ಕಡೆಯ ರೂಢಿಯಂತೆ, ಮೈ ತೊಳೆದು, ಹೊಸ ಪಂಚೆ ಉಡಿಸಿ, ಗಲ್ಲ ಬೀಳದಂತೆ ಬಟ್ಟೆ ಕಟ್ಟಿ, ಹಾರ ಹಾಕಿ ಕೂರಿಸಿದರು. ರಾಜಾಜಿನಗರದಿಂದ ಫೋಟೋದ ಅಯ್ನೋರು, ಇದೇ ರೇವಣಸಿದ್ದಯ್ಯನನ್ನು ಕರೆಸಿದರು. ಆ ಚಿತ್ರ ನಡುಮನೆಯ ಗೋಡೆಯ ಮೇಲಿತ್ತು. ಮೊಮ್ಮಕ್ಕಳು ಅದರ ಮುಂದೆ ಹಾಯುವಾಗ ಓಡುತ್ತಿದ್ದರು. ಮುನಿಯಣ್ಣನಿಗೂ ಅಪ್ಪ ಎಂದರೆ ಈಗೀಗ ಆ ಕಟ್ಟಿದ ಗಲ್ಲವೇ ನೆನಪಿಗೆ ಬರುತ್ತಿತ್ತು. ನಗುತ್ತಿದ್ದ ಮುಖ ಮಸುಕಾಗುತ್ತ ಹೋಗಿತ್ತು.

ಈ ದೀಪಾವಳಿಯ ಹೊತ್ತಿಗೆ ಅವ್ವನಿಗೆ ಜ್ವರ ಬಂದು ಹನ್ನೆರಡು ದಿನ ಹಾಸಿಗೆ ಹಿಡಿಸಿತು. ಎದ್ದಳು, ನಿಜ. ಎಪ್ಪತ್ತು ದಾಟಿದ ಜೀವ, ಮುಂದಿನ ಸಲ ಏಳುತ್ತಾಳೆಂದು ಯಾರು ಬರೆದುಕೊಟ್ಟಾರು? ಮುನಿಯಣ್ಣ ಸೊಪ್ಪಿನ ಗಾಡಿಯನ್ನು ಪೇಟೆಗೆ ಹೊಡೆಯದೆ ನೆಟ್ಟಗೆ ಸ್ಟುಡಿಯೋದ ಮುಂದೆ ತಂದು ನಿಲ್ಲಿಸಿದ್ದ. "ಅಯ್ನೋರೆ, ನಮ್ಮವ್ವಂದು ಕಣ್ ಬಿಟ್ಟಿರೋ ಫೋಟೋ ಒಂದು ಬೇಕು," ಎಂದಿದ್ದ. ಅಷ್ಟೇ ಕೇಳಿದ್ದು.

ಆ ಒಂದು ಫೋಟೋ ಆಗದೆ ರೇವಣಸಿದ್ದಯ್ಯ ಸೈಕಲ್ ತುಳಿದುಕೊಂಡು ಬರಿಗೈಯಲ್ಲಿ ಮನೆಗೆ ಬಂದ.

ಮನೆಯಲ್ಲಿ ಇನ್ನೊಂದು ಕ್ಯಾಮೆರಾ ಕಾಯುತ್ತಿತ್ತು. ಚಿಕ್ಕಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಗೆಳೆಯ ಗುರುಬಸಪ್ಪ ಅದನ್ನು ತಂದಿಟ್ಟು, ಹದಿನೈದು ದಿನ ಬಳಸಿ ನೋಡು ಎಂದು ಹೇಳಿ ಹೋಗಿದ್ದ. ಒಪ್ಪಿಗೆಯಾದರೆ ಹಳೆಯದನ್ನು ಬದಲಿಗೆ ಕೊಟ್ಟು ಇದನ್ನು ಇಟ್ಟುಕೊಳ್ಳಬೇಕು. ಇಲ್ಲವಾದರೆ ಗಡುವು ಮುಗಿಯುವ ಸೋಮವಾರ ಇದನ್ನೇ ಹಿಂದಕ್ಕೆ ಕೊಡಬೇಕು. ಎರಡನ್ನೂ ಇಟ್ಟುಕೊಳ್ಳುವ ಮಾತಿಲ್ಲ.

ಹಳೆಯದು ಮಡಿಸುವ ಕ್ಯಾಮೆರಾ. ಗುಂಡಿ ಒತ್ತಿದರೆ ಮುಂದಿನ ಬಾಗಿಲು ತೆರೆದು ಕಣ್ಣು ಹೊರಗೆ ಬರುತ್ತಿತ್ತು. ಮುಚ್ಚಿದರೆ ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿಯ ಹಾಗೆ ಸುಮ್ಮನೆ ಬಿದ್ದಿರುತ್ತಿತ್ತು. ಹತ್ತು ವರ್ಷ ಮಾಗಡಿ, ಕೆಂಗೇರಿ, ಸಾವನದುರ್ಗದ ತುದಿಯವರೆಗೆ ಅದು ಅವನೊಂದಿಗೆ ತಿರುಗಿತ್ತು. ಹೊಸದು ಜರ್ಮನಿಯದು, ಕೈಗೆ ಕೊಟ್ಟರೆ ರುಬ್ಬುಗುಂಡು ಕೊಟ್ಟ ಹಾಗೆ. ಅದರ ಹೊಟ್ಟೆಯೊಳಗೆ ಒಂದು ಕನ್ನಡಿ. ಕ್ಯಾಮೆರಾವನ್ನು ಎದೆಯ ಕೆಳಗೆ ಹಿಡಿದು, ಮೇಲಿನ ಮುಚ್ಚಳ ತೆಗೆದು, ತಲೆ ತಗ್ಗಿಸಿ ನೋಡಬೇಕು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಗಾಜಿನ ಮೇಲೆ, ಕಣ್ಣಿನ ಮುಂದಿನ ಲೋಕ ಬಣ್ಣದ ಸಮೇತ, ಅಲುಗಾಟದ ಸಮೇತ ಬಂದು ಕೂರುತ್ತಿತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುವುದೊಂದು ಪೀಡೆ. ಮತ್ತೊಂದು ಪೀಡೆ, ಗುಂಡಿ ಒತ್ತಿದ ಕ್ಷಣಕ್ಕೆ ಕನ್ನಡಿ ಮೇಲೆದ್ದು ಗಾಜು ಕಪ್ಪಾಗಿಬಿಡುವುದು. ತೆಗೆದ ಚಿತ್ರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿ ಕಾಣುತ್ತದೆ ಎಂದು ಅವನು ತಮಾಷೆ ಮಾಡುತ್ತಿದ್ದ. ಆದರೂ ರಾತ್ರಿಯ ಊಟಕ್ಕೆ ಕರೆದರೆ ಏಳದೆ, ಅದರೊಳಗೆ ದೀಪದ ಕುಡಿಯನ್ನು ನೋಡುತ್ತ ಕೂತಿರುತ್ತಿದ್ದ.

ಹೆಂಡತಿ ಶಿವಕ್ಕ ದಾವಣಗೆರೆಯವಳು, ತೂಗಿ ನೋಡಿ ತೀರ್ಪು ಕೊಟ್ಟಿದ್ದಳು. "ಹೊರಗ ತಿರುಗೋರಿಗೆ ಹಗುರ ಇರಾದೇ ಚಲೋ ರೀ. ಇದನ್ನ ಕೊಳ್ಳಾಗ ಹಾಕ್ಕಂಡು ಸೈಕಲ್ ತುಳಿದ್ರ, ಊರು ಮುಟ್ಟೋದ್ರಾಗ ನಿಮ್ಮನ್ನೇ ಕುರ್ಚ್ಯಾಗ ಕುಂದ್ರಿಸಿ ಫೋಟೋ ತೆಗಿಬೇಕಾಗ್ತತಿ."

ಅವಳ ಮಾತು ಸುಳ್ಳೆನ್ನುವ ಹಾಗಿರಲಿಲ್ಲ. ಆದರೂ ಮುದುಕಿಯ 'ಕೋವಿ' ಎಂಬ ಮಾತು ಅವನನ್ನು ಬಿಡಲಿಲ್ಲ. ಮರು ಭಾನುವಾರ ಚಿಕ್ಕದನ್ನು ಜೇಬಿಗಿಳಿಸಿ, ದೊಡ್ಡದನ್ನು ಕೊರಳಿಗೆ ಹಾಕಿ ಹೊರಟ. ಮಾಗಡಿ ರಸ್ತೆ ದಾಟಿ, ಹೊಸಹಳ್ಳಿಯ ರಾಗಿ ಹೊಲಗಳ ನಡುವಿನ ಗಾಡಿದಾರಿ ಹಿಡಿಯುವಷ್ಟರಲ್ಲಿ ಕುತ್ತಿಗೆ ಕಳಚಿ ಬೀಳುವಂತಾಯಿತು. ಹಳ್ಳ ದಾಟುವಾಗ ಕ್ಯಾಮೆರಾವನ್ನು ಟವಲಿನಲ್ಲಿ ಸುತ್ತಿ ಕೂಸಿನ ಹಾಗೆ ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೈಕಲ್ ತಳ್ಳಿದ.

ಮುನಿಲಕ್ಷ್ಮಮ್ಮ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಇವನನ್ನು ಕಂಡು ಸೆರಗು ಸರಿಮಾಡಿಕೊಂಡಳು, ಏಳಲಿಲ್ಲ. ಮುನಿಯಣ್ಣ ಮಾತ್ರ ತಡಮಾಡದೆ ಮನೆಗಿದ್ದ ಒಂದೇ ಕುರ್ಚಿಯನ್ನು ಒರೆಸಿ ತಂದು ಅಂಗಳದಲ್ಲಿ ಇಟ್ಟ. ರೇವಣಸಿದ್ದಯ್ಯ ಅವಳ ಕಡೆಗೆ ತಿರುಗಲೇ ಇಲ್ಲ. ಹುಣಸೆಮರದ ಕೆಳಗೆ ಕಟ್ಟಿದ್ದ ಕರುವಿನ ಮುಂದೆ ನಿಂತು, ತಲೆ ತಗ್ಗಿಸಿ ಗಾಜಿನೊಳಗೆ ನೋಡತೊಡಗಿದ. ಕರು ಅತ್ತ ಹೋದರೆ ಇವನು ಇತ್ತ ತಿರುಗಿ, ಮತ್ತೆ ಅತ್ತ ತಿರುಗಿ, ಹೆಜ್ಜೆ ತಪ್ಪಿದ ಕುಣಿತದವನ ಹಾಗಾದ.

"ಏನ್ ಅಯ್ನೋರೆ, ಬಾವಿಗೆ ಬಿದ್ದ ಬಿಂದಿಗೆ ಹುಡುಕ್ದಂಗೆ ಹುಡುಕ್ತಾ ಇದ್ದೀರಿ?"

"ಕರು ಇದ್ರೊಳಗೆ ಬಂದೈತೆ ಅವ್ವ. ಬೇಕಾದ್ರೆ ನೋಡಿ."

ಅವನು ಪಟ್ಟಿಯನ್ನು ಅವಳ ಕೊರಳಿಗೆ ಹಾಕಿ ಕ್ಯಾಮೆರಾವನ್ನು ಮಡಿಲಲ್ಲಿಟ್ಟ. ಕಣ್ಣು ಮಬ್ಬಾದವರಿಗೆಂದೇ ಇದ್ದ ಒಳಗಿನ ಭೂತಗಾಜನ್ನು ಎತ್ತಿ ನಿಲ್ಲಿಸಿದ. ಮುದುಕಿ ಮೊದಲು ಮುಖ ಹಿಂದಕ್ಕೆಳೆದಳು. ಆಮೇಲೆ ಎರಡೂ ಅಂಗೈಗಳನ್ನು ಅದರ ಸುತ್ತ ಮರೆ ಮಾಡಿ ಬಗ್ಗಿದಳು.

"ಗ್ರಹಣದಾಗೆ ತಟ್ಟೇಲಿ ಅರಿಶಿನದ್ ನೀರಿಟ್ಟು ಸೂರ್ಯನ್ನ ನೋಡ್ತೀವಲ್ಲ, ಹಂಗದೆ," ಎಂದಳು ಮೆಲ್ಲಗೆ. "ನೆಟ್ಟಗೆ ನೋಡಬಾರದ್ನ ಹಿಂಗೇ ಬಗ್ಗಿ ನೋಡ್ಬೇಕು."

ಅವಳ ಕಿವಿಯ ಬುಗುಡಿ ಅಲ್ಲಾಡುತ್ತಿತ್ತು. ಬಾಯಿ ಅರೆ ತೆರೆದಿತ್ತು. ಜ್ವರದಲ್ಲಿ ಬತ್ತಿದ ಆ ಮುಖಕ್ಕೆ ಎಲ್ಲಿಂದಲೋ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು ಇಣುಕುತ್ತಿದ್ದಳು. ರೇವಣಸಿದ್ದಯ್ಯ ಇಷ್ಟು ವರ್ಷದಲ್ಲಿ ಇಂಥ ಮುಖವನ್ನು ಕಂಡಿರಲಿಲ್ಲ. ಕಂಬದ ಮರೆಯಿಂದ ಮುನಿಯಣ್ಣ ಕಣ್ಸನ್ನೆ ಮಾಡಿದ. ಚಿಕ್ಕ ಕ್ಯಾಮೆರಾ ಇದ್ದ ಜೇಬನ್ನು ತೋರಿಸಿದ.

ರೇವಣಸಿದ್ದಯ್ಯನ ಕೈ ತಾನಾಗಿ ಜೇಬಿಗೆ ಹೋಯಿತು. ಚಿಕ್ಕ ಕ್ಯಾಮೆರಾ ಹೊರಬಂತು, ಬಾಗಿಲು ತೆರೆಯಿತು. ನಾಲ್ಕು ಹೆಜ್ಜೆ ದೂರ, ಒಳ್ಳೆಯ ಬೆಳಕು, ಮುದುಕಿಗೆ ಮೈಮೇಲೆ ಎಚ್ಚರವಿಲ್ಲ. ಕಣ್ಣಿಗೇರಿಸಿದವನಿಗೆ ಅದೇಕೋ ಮರಿಯಪ್ಪನ ನೆನಪಾಯಿತು. ಫೋಟೋ ತೆಗೆಯಲೇ ಎಂದು ಅವನನ್ನೂ ಯಾರೂ ಕೇಳಿರಲಿಲ್ಲ. ರೇವಣಸಿದ್ದಯ್ಯ ಕ್ಯಾಮೆರಾವನ್ನು ಇಳಿಸಿ, ಸದ್ದಾಗದ ಹಾಗೆ ಬಾಗಿಲು ಮುಚ್ಚಿ, ಜೇಬಿಗೆ ಹಾಕಿಕೊಂಡ. ಮುನಿಯಣ್ಣ ಹಣೆ ಚಚ್ಚಿಕೊಂಡ.

ಮುದುಕಿ ಮಡಿಲಿನ ಕ್ಯಾಮೆರಾವನ್ನು ಮೆಲ್ಲನೆ ತಿರುಗಿಸುತ್ತಿದ್ದಳು. ಬಾವಿ ಬಂತು, ಹುಲ್ಲಿನ ಬಣವೆ ಬಂತು, ಹಣೆಗೆ ಕೈಹಚ್ಚಿದ ಮಗ ಬಂದ, ನಕ್ಕಳು. ಇನ್ನೂ ಸ್ವಲ್ಪ ತಿರುಗಿಸಿ, ಅಲ್ಲೇ ಕೈ ನಿಲ್ಲಿಸಿಬಿಟ್ಟಳು. ಬುಗುಡಿಯ ಅಲ್ಲಾಟವೂ ನಿಂತಿತು.

"ಮುನಿಯ, ಆ ಕುರ್ಚಿ ತಗ್ದಾಕ್ಲಾ."

"ಯಾಕವ್ವ, ಕೂತ್ಕೊಳ್ಳಾಕೆ..."

"ನಿಮ್ಮಪ್ಪನ್ನ ಕೂರ್ಸಿದ್ದು ಅದ್ರಾಗೇ ಅಲ್ವಾ? ಅದ್ನ ಅಂಗಳಕ್ಕೆ ತಂದಿಟ್ಟು, ಬಾ ಕೂತ್ಕೋ ಅಂತೀಯಲ್ಲ. ನಾನಿನ್ನೂ ಅವರೆಕಾಯಿ ಸುಲೀತಾ ಇದ್ದೀನಿ ಕಣ್ಲಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಆ ಕುರ್ಚಿಯನ್ನು ಇದೇ ಗೋಡೆಯ ಮುಂದೆ, ಬೆಳಕು ಬೀಳುವ ಹಾಗೆ, ತನ್ನ ಕೈಯಿಂದಲೇ ಸರಿಸಿ ಇಟ್ಟವನು ರೇವಣಸಿದ್ದಯ್ಯ. ಹೋದ ವಾರ ಅದರ ಮೇಲೆಯೇ ಗುರಿ ಹಿಡಿದು ನಿಂತಿದ್ದ, ಅದು ಯಾವ ಕುರ್ಚಿ ಎಂದು ಹೊಳೆದಿರಲಿಲ್ಲ.

ಮಗ ಕುರ್ಚಿಯನ್ನು ಎತ್ತಿ ಜಗಲಿಯ ಆಚೆ ಮೂಲೆಗೆ ಇಟ್ಟು ಬಂದ. ಮುದುಕಿ ಕೊರಳಿನ ಪಟ್ಟಿ ತೆಗೆದು ಕ್ಯಾಮೆರಾವನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟಳು.

"ಈಗ ನೀವು ನೋಡಿ. ಒಂದೇ ಸಲ ತೆಗೀಬೇಕು ಮತ್ತೆ."

ಹೇಗೆ ಕೂರಲಿ ಎಂದು ಕೇಳಿದಳು. ಇದ್ದ ಹಾಗೆಯೇ ಎಂದ. ಅವಳು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. ರೇವಣಸಿದ್ದಯ್ಯ ಅವಳ ಮುಂದೆ ತಲೆ ಬಗ್ಗಿಸಿ ನಿಂತ. ಗಾಜಿನಲ್ಲಿ ಅವಳ ನರೆತ ಕೂದಲು, ಹಣೆಯ ಗೆರೆಗಳು, ಹಸಿರು ಕಾಯಿ ಹಿಡಿದ ಬೆರಳುಗಳು ಒಂದೊಂದಾಗಿ ತಿಳಿಯಾದವು. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ಒತ್ತಿದ. ಟಪ್ ಎಂದು ಗಾಜು ಕಪ್ಪಾಯಿತು. ಕಣ್ಣು ತೆರೆದಿತ್ತೋ ಮುಚ್ಚಿತ್ತೋ ದೇವರೇ ಬಲ್ಲ. ಇನ್ನೊಂದು ಸಲ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಗುರುಬಸಪ್ಪ ಬಂದ. ರೇವಣಸಿದ್ದಯ್ಯ ಮಡಿಸುವ ಕ್ಯಾಮೆರಾವನ್ನು ಒರೆಸಿ, ಒಂದು ಸಲ ತೆರೆದು ಮುಚ್ಚಿ, ಅವನ ಕೈಗಿಟ್ಟ. ಹೊಸದರಲ್ಲಿ ಚಿತ್ರ ಹೇಗೆ ಬಂತೆಂದು ಗುರುಬಸಪ್ಪ ಕೇಳಿದ್ದಕ್ಕೆ, ಫಿಲ್ಮ್ ಇನ್ನೂ ತೊಳೆದಿಲ್ಲ ಎಂದ. ಗುರುಬಸಪ್ಪ ಅವನ ಮುಖವನ್ನೇ ನೋಡಿದ.

ಫಿಲ್ಮ್ ತೊಳೆದು ಒಣಗಿಸಿ, ಮಧ್ಯಾಹ್ನ ಕತ್ತಲೆ ಕೋಣೆಯ ಕೆಂಪು ಬೆಳಕಿನಲ್ಲಿ ಚಿತ್ರದ ಕಾಗದವನ್ನು ಮದ್ದಿನ ನೀರಿನ ತಟ್ಟೆಗಿಳಿಸಿದಾಗ ಶಿವಕ್ಕನೂ ಪಕ್ಕದಲ್ಲಿದ್ದಳು. ಇಬ್ಬರೂ ಬಗ್ಗಿ ನೋಡಿದರು. ನೀರಿನ ಕೆಳಗೆ ಮೊದಲು ಮೊರದ ಅಂಚು ಮೂಡಿತು, ಆಮೇಲೆ ಕೈ, ಆಮೇಲೆ ತೆರೆದ ಎರಡು ಕಣ್ಣು. ಗಾಜಿನಲ್ಲಿ ಎಡಕ್ಕಿದ್ದವಳು ಇಲ್ಲಿ ಬಲಕ್ಕೆ ಬಂದಿದ್ದಳು. ಬಾಯಲ್ಲಿ ಮಾತೊಂದು ಅರ್ಧಕ್ಕೆ ನಿಂತಿತ್ತು. ಅವಳ ಹಿಂದೆ, ಜಗಲಿಯ ಮೂಲೆಯಲ್ಲಿ, ಕುರ್ಚಿ.

"ಇಲ್ನೋಡ್ರಿ," ಎಂದಳು ಶಿವಕ್ಕ.

ಕುರ್ಚಿಯ ಮೇಲೆ ಒಂದು ಹ್ಯಾಟೆ ಕೋಳಿ ಏರಿ, ರೆಕ್ಕೆ ಕೆದರಿಕೊಂಡು, ಕಾವಿಗೆ ಕೂತ ಹಾಗೆ ಕೂತಿತ್ತು.