ಮೊದಲು ನೀವು ಹೋಗಿ

ನಮ್ಮ ದೊಡ್ಡಪ್ಪನಷ್ಟು ಮರ್ಯಾದಸ್ಥ ಡ್ರೈವರ್ ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಆ ಮರ್ಯಾದೆಗೆ ಬೆಂಕಿ ಬೀಳಲಿ. ನಲವತ್ತು ವರ್ಷದಲ್ಲಿ ಅವರು ಸುಮ್ಮಸುಮ್ಮನೆ ಹಾರನ್ ಒತ್ತಿದವರಲ್ಲ, ಯಾರನ್ನೂ ಗದರಿದವರಲ್ಲ. ಯಾವ ಜಂಕ್ಷನ್‌ಗೆ ಬಂದರೂ, ಮುಂದೆ ಹೋಗುವ ಸರದಿ ತಮ್ಮದೇ ಆಗಿದ್ದರೂ, ಗಾಡಿ ನಿಲ್ಲಿಸಿ ಎದುರಿನವರಿಗೆ ಅಂಗೈ ತೋರಿಸುತ್ತಾರೆ, ಮನೆ ಬಾಗಿಲಿಗೆ ಬಂದ ನೆಂಟರನ್ನು ಒಳಗೆ ಕರೆಯುವ ಹಾಗೆ. ಅವರದೇ ಡ್ರೈವಿಂಗ್ ಸ್ಕೂಲು. ಅಲ್ಲಿ ಕಲಿಸುವವಳು ನಾನು, ಇಪ್ಪತ್ತೊಂದು ವರ್ಷದಿಂದ. ನಮ್ಮ ಎರಡೂ ಕಾರುಗಳ ಹಿಂದೆ, ಕೆಂಪು ಎಲ್ ಬೋರ್ಡಿನ ಕೆಳಗೆ, ದೊಡ್ಡಪ್ಪ ತಾವೇ ನಿಂತು ಬರೆಸಿದ ಸಾಲು: ‘ಮೊದಲು ನೀವು ಹೋಗಿ’.

ಅವರು ಹಾಗೆ ಕೈ ತೋರಿಸಿದ್ದಕ್ಕೇ ನನ್ನ ತಂಗಿಯ ವ್ಯಾನು ಜಜ್ಜಿಹೋಯಿತು, ಒಬ್ಬನ ಮಂಡಿ ಮುರಿಯಿತು.

ತಂಗಿ ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದಳು. ಮೂರು ವಾರದ ಹಿಂದೆ ಬೆಳಿಗ್ಗೆ ಒಂಬತ್ತಕ್ಕೆ, ಒಗೆದ ಹಾಸಿಗೆ ಬಟ್ಟೆ ತುಂಬಿಕೊಂಡು ಅಡ್ಡರಸ್ತೆಯ ಬಾಯಲ್ಲಿ ನಿಂತಿದ್ದಳು. ಮುಖ್ಯರಸ್ತೆ ದಾಟಬೇಕು. ಅಲ್ಲಿ ಒಂದೊಂದು ದಿಕ್ಕಿಗೆ ಎರಡೆರಡು ಸಾಲು ವಾಹನ ಹೋಗುತ್ತವೆ. ಅವಳಿಗೆ ಹತ್ತಿರದ ಸಾಲಿನಲ್ಲಿ ದೊಡ್ಡಪ್ಪನ ಕಾರು ಬಂತು, ನಿಂತಿತು. ವ್ಯಾನಿನಲ್ಲಿರುವುದು ನಮ್ಮ ಹುಡುಗಿ ಎಂದು ಗೊತ್ತಾಗಿ ಅವರು ನಗುತ್ತಾ ಕೈ ತೋರಿಸಿದರು. ಅವಳು ತಲೆಬಾಗಿಸಿ ಹೊರಟಳು. ಅವರ ಪಕ್ಕದ ಸಾಲಿನಲ್ಲಿ ಬರುತ್ತಿದ್ದ ಬೈಕಿನವನಿಗೆ ಇದೆಲ್ಲ ಹೇಗೆ ಕಾಣಬೇಕು? ನೇರ ಬಂದು ವ್ಯಾನಿನ ಮೂತಿಗೆ ಗುದ್ದಿದ. ಅವನು ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸದವನು. ಮಂಡಿಯೂರಿ ಅನ್ನ ದುಡಿಯುವವನ ಮಂಡಿಯೇ ಚೂರಾಗಿತ್ತು.

ದಾರಿ ಬಿಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ದೊಡ್ಡಪ್ಪ ಬಿಡಬಹುದಾದದ್ದು ತಮ್ಮ ಸಾಲನ್ನು ಮಾತ್ರ. ಪಕ್ಕದ ಸಾಲನ್ನೂ ಸೇರಿಸಿ ದಾನ ಮಾಡುವುದಕ್ಕೆ ಅದೇನು ಅವರಪ್ಪನ ಮನೆ ಆಸ್ತಿಯೇ? ಸರದಿ ಇದ್ದವನು ಸರದಿ ಪ್ರಕಾರ ಹೋದರೆ ಉಳಿದವರಿಗೆ ಅವನು ಏನು ಮಾಡುತ್ತಾನೆ ಎಂಬುದಾದರೂ ಗೊತ್ತಿರುತ್ತದೆ. ಅದಕ್ಕಿಂತ ದೊಡ್ಡ ಮರ್ಯಾದೆ ರಸ್ತೆಯಲ್ಲಿ ಇನ್ನೊಂದಿಲ್ಲ. ಇದನ್ನು ಈಗ ಎಷ್ಟು ಚೆನ್ನಾಗಿ ಹೇಳುತ್ತೇನೆ ನೋಡಿ. ಅಟ್ಟ ಮೇಲೆ ಒಲೆ ಉರಿಯಿತಂತೆ.

ಸಾರಿಗೆ ಕಚೇರಿಯಿಂದ ವಿಚಾರಣೆಯ ಕಾಗದ ಬಂತು. ಅಡ್ಡರಸ್ತೆಯಿಂದ ಬಂದವಳು ತಂಗಿ, ಆದ್ದರಿಂದ ತಪ್ಪು ಅವಳದೇ. ಲೈಸೆನ್ಸ್ ಯಾಕೆ ರದ್ದು ಮಾಡಬಾರದು ಎಂದು ಕೇಳಿದ್ದರು. ರದ್ದಾದರೆ ಐದು ವರ್ಷ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ಅವಳು ಡ್ರೈವರ್ ಆಗುವ ಮೊದಲು ಏಳು ವರ್ಷ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮೆಷಿನ್ ಮುಂದೆ ನಿಂತವಳು. ಆವಿಗೆ ಬೆಂದ ಅವಳ ಮುಂಗೈಗಳಲ್ಲಿ ಇನ್ನೂ ಕಲೆಗಳಿವೆ. ವ್ಯಾನ್ ಸಿಕ್ಕಿದ ದಿನ ಮನೆಗೆ ಬಂದು, ‘ಅಕ್ಕಾ, ಇವತ್ತು ಕಿಟಕಿ ತೆಗೆದು ಕೆಲಸ ಮಾಡಿದೆ’ ಎಂದಿದ್ದಳು. ಆ ಕಿಟಕಿ ಈಗ ಮುಚ್ಚುವುದರಲ್ಲಿತ್ತು.

ಕಾಗದದ ಜೊತೆ ದೊಡ್ಡಪ್ಪನ ಹೇಳಿಕೆಯ ಪ್ರತಿಯೂ ಇತ್ತು: ‘ನಾನು ಗಾಡಿ ನಿಲ್ಲಿಸಿದ್ದು ನಿಜ. ಯಾರಿಗೂ ಯಾವ ಸನ್ನೆಯನ್ನೂ ಮಾಡಿಲ್ಲ.’ ಓದಿ ನನ್ನ ಮೈಯೆಲ್ಲಾ ಉರಿಯಿತು. ನೇರ ಸ್ಕೂಲಿನ ಆಫೀಸಿಗೆ ಹೋದೆ. ದೊಡ್ಡಪ್ಪ ಪಾಠದ ಮೇಜಿನ ಮುಂದಿದ್ದರು. ಅದರ ಮೇಲೆ ರಸ್ತೆಗಳನ್ನು ಬರೆದ ಹಲಗೆ, ಆಟಿಕೆ ಕಾರುಗಳು. ನಾನು ಒಂದು ಕಾರನ್ನು ನಿಲ್ಲಿಸಿ, ಇನ್ನೊಂದನ್ನು ಅದರ ಮುಂದೆ ಅಡ್ಡ ತಳ್ಳಿದೆ.

“ಇದು ನೀವು, ಇದು ಅವಳು. ಕೈ ತೋರಿಸಿದ್ರೋ ಇಲ್ವೋ?”

“ಕೈ ಎತ್ತಿದ್ದೆ ಮಗಳೇ. ಕಿವಿ ಹತ್ರ ನವೆ ಆಗ್ತಿತ್ತು.”

“ನಲವತ್ತು ವರ್ಷದಿಂದ ಜಂಕ್ಷನ್ ಬಂದಾಗೆಲ್ಲ ನಿಮ್ಗೆ ಕಿವಿ ನವೆ ಆಗುತ್ತಾ?”

ಅವರು ಆಟಿಕೆ ಕಾರುಗಳನ್ನು ಮೆಲ್ಲಗೆ ಎತ್ತಿ ಅವುಗಳ ಜಾಗದಲ್ಲಿಟ್ಟರು. “ಕೂಗಾಡ್ಬೇಡ. ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ನಾನು ಬರೆದುಕೊಟ್ರೆ ಸ್ಕೂಲಿಗೆ ಬೀಗ ಬೀಳುತ್ತೆ. ಆಮೇಲೆ ನಿನ್ನ ಗತಿ ಏನು ಯೋಚ್ನೆ ಮಾಡಿದ್ಯಾ? ಅವಳು ಚಿಕ್ಕವಳು, ಬೇರೆ ಏನಾದ್ರೂ ಮಾಡ್ತಾಳೆ.”

“ಏನು ಮಾಡ್ತಾಳೆ? ಹೇಳಿ, ಏನು ಮಾಡ್ತಾಳೆ?”

“ಅಲ್ಲಮ್ಮಾ, ಅವಳೂ ನೋಡ್ಕೊಂಡು ಹೋಗ್ಬೇಕಿತ್ತು ತಾನೇ.”

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಬಾಯಿಗೆ ಬಂತು. ನುಂಗಲಿಲ್ಲ, ಆಡಿಯೇಬಿಟ್ಟೆ. ನಾನು ಬಾಗಿಲು ದಾಟುವಾಗ ದೊಡ್ಡಪ್ಪ ಎದ್ದು ಬಂದು ನನಗಾಗಿ ಬಾಗಿಲು ತೆರೆದು ಹಿಡಿದು ನಿಂತರು. ಅಷ್ಟು ಬೈಸಿಕೊಂಡ ಮೇಲೂ! ಬಾಗಿಲನ್ನು ಅವರ ಕೈಯಿಂದ ಕಿತ್ತು ದಢಾರನೆ ಹಾಕಿಕೊಂಡು ಹೋದೆ.

ಅಲ್ಲಿಂದ ಲಾಂಡ್ರಿಗೆ. ವ್ಯಾನ್ ಶೆಡ್ಡಿನಲ್ಲಿ ಮೂತಿ ಒಡೆದುಕೊಂಡು ನಿಂತಿತ್ತು. ತಂಗಿಯನ್ನು ವಿಚಾರಣೆ ಮುಗಿಯುವವರೆಗೆ ಬಟ್ಟೆ ಮಡಿಸುವುದಕ್ಕೆ ಹಾಕಿದ್ದರು. ಒಳಗೆ ಆವಿ, ಸೋಪಿನ ವಾಸನೆ, ಮೆಷಿನ್‌ಗಳ ಗಡಗಡ. ಅವಳು ಹಾಸಿಗೆ ಬಟ್ಟೆಯ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟಳು. ಅವು ಒಬ್ಬರೇ ಮಡಿಸುವಂಥವಲ್ಲ. ಎಳೆಯುತ್ತಾ, ಹತ್ತಿರ ಬರುತ್ತಾ, ದೂರ ಹೋಗುತ್ತಾ ಮಾತಾಡಿದೆವು.

“ಮುದುಕಪ್ಪ ಸುಳ್ಳು ಬರೆದುಕೊಟ್ಟಿದ್ದಾರೆ. ಇರ್ಲಿ, ನಿನ್ನ ಹೇಳಿಕೆ ತೋರ್ಸು. ಅವರು ಕೈ ತೋರಿಸಿದ್ದು ಹೇಗೆ ಬರೆದಿದ್ದೀಯ ನೋಡ್ತೀನಿ.”

“ಬರೆದಿಲ್ಲ ಕಣಕ್ಕ.”

“ಏನು ಬರೆದಿಲ್ಲ?”

“ಕೈ ತೋರಿಸಿದ್ದು. ‘ನೋಡದೆ ನುಗ್ಗಿದೆ’ ಅಂತ ಬರೆದುಕೊಟ್ಟೆ.”

ನನ್ನ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಎಸೆದೆ. ಅವಳ ತಲೆ ಸರಿಯಿಲ್ಲ ಎಂದೆ, ದೊಡ್ಡಪ್ಪನ ಮೇಲೆ ಅಷ್ಟು ಪ್ರೀತಿ ಇದ್ದರೆ ಹೋಗಿ ಅವರ ಕಾಲು ಒತ್ತು ಎಂದೆ. ಇನ್ನೂ ಏನೇನೋ ಅಂದೆ. ಪಕ್ಕದ ಮೇಜಿನ ಹೆಂಗಸರು ಮೆಷಿನ್ ನಿಲ್ಲಿಸಿ ನೋಡಿದರು. ತಂಗಿ ಬಟ್ಟೆಯನ್ನು ಎತ್ತಿ, ಮತ್ತೆ ಒಗೆಯುವ ಬುಟ್ಟಿಗೆ ಹಾಕಿದಳು.

“ಬರೆದ್ರೆ ಮುಂದೆ ಏನು ಕೇಳ್ತಾರೆ ಗೊತ್ತಾ? ಯಾರೋ ಕೈ ತೋರಿಸಿದ್ರು ಅಂತ ಪಕ್ಕ ನೋಡದೆ ಯಾಕೆ ಹೋದೆ ಅಂತಾರೆ. ಏನು ಹೇಳ್ಲಿ?”

“ಏನು ಹೇಳ್ಲಿ ಅಂದ್ರೆ?”

“‘ದಾರಿ ಬಿಟ್ಟವರನ್ನ ಕಾಯಿಸ್ಬೇಡ್ವೇ. ಥ್ಯಾಂಕ್ಸ್ ಅಂತ ತಲೆ ಬಗ್ಗಿಸು, ಹೊರಟುಬಿಡು. ಕಂಬದ ಹಾಗೆ ನಿಂತು ಆ ಕಡೆ ಈ ಕಡೆ ನೋಡ್ತಾ ಕೂತ್ರೆ ಅವರಿಗೆ ಅವಮಾನ.’” ಅದು ನನ್ನ ದನಿಯೇ. ಅವಳು ಚಿಕ್ಕಂದಿನಿಂದಲೂ ನನ್ನನ್ನು ಹಾಗೇ ಅಣಕಿಸುತ್ತಾಳೆ, ಎಲ್ಲರೂ ನಗುತ್ತಾರೆ. ಈಗ ಅವಳು ನಗುತ್ತಿರಲಿಲ್ಲ. “ನಿನ್ನ ಹತ್ರ ಕಲಿಯೋವಾಗ ನಾನು ಎರಡು ಸಲ ನಿಂತು ನೋಡಿದ್ದೆ ಅಕ್ಕ. ಎರಡನೇ ಸಲ ನೀನು ನನ್ನ ತೊಡೆಗೆ ಹೊಡೆದೆ. ಆಮೇಲೆ ಯಾವತ್ತೂ ನಿಂತು ನೋಡಿಲ್ಲ. ಇದನ್ನ ಅಲ್ಲಿ ಹೇಳಿದ್ರೆ ಕಲಿಸೋ ಲೈಸೆನ್ಸ್ ನಿನ್ನದು ಹೋಗುತ್ತೆ. ಮನೇಲಿ ಒಬ್ಬಳದಾದ್ರೂ ಉಳೀಲಿ ಅಂತ.”

ಹೊಡೆದದ್ದು ನಿಜ. ಮರೆತೇ ಹೋಗಿತ್ತು. ಕಲಿಯುವವರು ತಡಮಾಡಿದರೆ ನನಗೆ ಸಹನೆ ಇರುತ್ತಿರಲಿಲ್ಲ, ಹಿಂದಿನ ಗಾಡಿಯವರು ಕಾಯುತ್ತಾರೆಂದು ನಾಚಿಕೆಯಾಗುತ್ತಿತ್ತು. ನನಗೂ ದೊಡ್ಡಪ್ಪ ಕಲಿಸಿದ್ದು ಹಾಗೇ. ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಮತ್ತೆ ಅವಳ ಮೇಲೇ ಬಿತ್ತು. “ನನ್ನನ್ನ ಕಾಪಾಡು ಅಂತ ನಿನ್ನ ಯಾರು ಕೇಳಿದ್ರು?” ಎಂದು ಕಿರುಚಿದೆ. ಅವಳು ಇನ್ನೊಂದು ಬಟ್ಟೆಯ ತುದಿಯನ್ನು ನನ್ನ ಕಡೆ ಚಾಚಿದಳು. ಹಿಡಿದುಕೊಂಡೆ.

ಗುರುವಾರ ಹತ್ತಕ್ಕೆ ವಿಚಾರಣೆ. ಕಚೇರಿಯ ಕೋಣೆ ಸಣ್ಣದು. ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಗೆ ಒರಗಿಸಿದ ಒಂದು ಬೆಂಚು. ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಓದುವ ನಿಧಾನದ ಮನುಷ್ಯ. ಇಸ್ತ್ರಿ ಮಾಡಿದ ಶರ್ಟಿನಲ್ಲಿ ದೊಡ್ಡಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದರು. ತಂಗಿ ತನ್ನ ಹೇಳಿಕೆಯನ್ನೇ ಬಾಯಿಪಾಠದ ಹಾಗೆ ಒಪ್ಪಿಸಿದಳು. ಅಧಿಕಾರಿ ದೊಡ್ಡಪ್ಪನನ್ನು ಕೇಳಿದರು. ಸನ್ನೆ ಮಾಡಿಲ್ಲ, ಬೇಕಾದರೆ ಇಡೀ ಊರನ್ನು ಕೇಳಿ, ನಾನು ಎಂಥವನೆಂದು ಹೇಳುತ್ತಾರೆ ಎಂದರು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ನಾನು ಎದ್ದು ನಿಂತೆ. “ಅವಳು ಹೇಳಿದ್ದು ಪೂರ್ತಿ ಸತ್ಯ ಅಲ್ಲ ಸರ್. ಅವಳಿಗೆ ದಾರಿ ಬಿಟ್ಟಿದ್ದಾರೆ, ಕೈ ತೋರಿಸಿದ್ದಾರೆ, ಅದಕ್ಕೇ ಅವಳು ಹೋಗಿದ್ದು. ಕೈ ತೋರಿಸಿದ್ರೆ ಹಿಂದೆಮುಂದೆ ನೋಡದೆ ಹೋಗು ಅಂತ ಅವಳಿಗೆ ಕಲಿಸಿದವಳು ನಾನು. ಬಾಯಲ್ಲಿ ಹೇಳಿ, ಹೊಡೆದೂ ಕಲಿಸಿದ್ದೀನಿ. ಬರ್ಕೊಳ್ಳಿ.”

“ಅಕ್ಕಾ, ಕೂತ್ಕೋ” ಎಂದು ತಂಗಿ ನನ್ನ ಸೆರಗು ಎಳೆದಳು.

ಅಧಿಕಾರಿ ಕನ್ನಡಕವನ್ನು ಕಣ್ಣಿಗೆ ಇಳಿಸಿದರು. “ನೀವು ಡ್ರೈವಿಂಗ್ ಟೀಚರ್ ಅಲ್ವಾ? ಇವಳಿಗೆ ಮಾತ್ರ ಹೀಗೆ ಕಲಿಸಿದ್ರಾ?”

“ಇಲ್ಲ. ಎಲ್ಲರಿಗೂ.”

“ಎಲ್ಲರಿಗೂ ಅಂದ್ರೆ ಎಷ್ಟು ಜನ?”

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ವರ್ಷಕ್ಕೆ ನೂರು ಎಂದು ಹಿಡಿದೆ. “ಎರಡು ಸಾವಿರದ ಹತ್ರ ಇರಬಹುದು.”

“ಎರಡಲ್ಲ!” ಎಂದರು ದೊಡ್ಡಪ್ಪ ಬೆಂಚಿನಿಂದ. ಅವರ ದನಿಯಲ್ಲಿ ನೋವಿತ್ತು. “ಮೂರು ಸಾವಿರ ದಾಟಿದೆ ಸರ್. ರಿಜಿಸ್ಟರ್ ಇಟ್ಟಿದ್ದೀನಿ. ಒಬ್ಬೊಬ್ಬರಿಗೂ ಮೊದಲ ದಿನ ನಾನೇ ಪಕ್ಕ ಕೂತು ತೋರಿಸ್ತೀನಿ. ಜಂಕ್ಷನ್ ಬಂತು, ನಿಲ್ಸು, ಕೈ ತೋರ್ಸು, ಮೊದಲು ಅವರು ಹೋಗ್ಲಿ. ನಲವತ್ತು ವರ್ಷದಲ್ಲಿ ಒಂದು ಜಂಕ್ಷನ್‌ನಲ್ಲೂ ನಾನು ಇದನ್ನ ತಪ್ಪಿಸಿದವನಲ್ಲ.”

“ಒಂದರಲ್ಲೂ ತಪ್ಪಿಸಿಲ್ಲ” ಎಂದರು ಅಧಿಕಾರಿ.

“ಒಂದೇ ಒಂದರಲ್ಲೂ ಇಲ್ಲ.”

“ಅವತ್ತೂ ಇಲ್ಲ.”

ದೊಡ್ಡಪ್ಪನ ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. ಅಲ್ಲಿಂದ ಅದನ್ನು ಇಳಿಸುವುದು ಹೇಗೆಂದು ಅವರಿಗೇ ತಿಳಿಯಲಿಲ್ಲ.

ಅಧಿಕಾರಿ ಬಹಳ ಹೊತ್ತು ಬರೆದರು. ತಂಗಿಯ ಲೈಸೆನ್ಸ್ ರದ್ದು ಮಾಡುವುದಿಲ್ಲ. ಮೂರು ತಿಂಗಳು ಅಮಾನತು, ಆಮೇಲೆ ಬೇರೆ ಕಡೆ ಕಲಿತು ಮರುಪರೀಕ್ಷೆ ಕೊಡಬೇಕು. ಸ್ಕೂಲು ಮುಂದಿನ ಆದೇಶದವರೆಗೆ ಬಂದ್. ನಾನು ಯಾರಿಗೂ ಕಲಿಸುವಂತಿಲ್ಲ. ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಮೂರು ತಿಂಗಳು ತಾನೇ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕಳೆಯುತ್ತದೆ ಎಂದು ಅವಳ ಬೆನ್ನು ಸವರಿದೆ.

ನಾನು ಗೆದ್ದಿದ್ದೆ. ಆ ಮುದುಕನ ಬಾಯಿಂದಲೇ ಸತ್ಯ ಬಿದ್ದಿತ್ತು, ಮೂರು ವಾರ ಹೊಟ್ಟೆಯಲ್ಲಿ ಉರಿದದ್ದು ತಣ್ಣಗಾಗಬೇಕಿತ್ತು. ಆಗಲಿಲ್ಲ. ಕಿಟಕಿಯ ಕೆಳಗಿನ ರಸ್ತೆಯಲ್ಲಿ ಗಾಡಿಗಳು ನಿಲ್ಲುತ್ತಾ ಹೊರಡುತ್ತಾ ಇದ್ದವು. ಮೂರು ಸಾವಿರ ಜನ. ಬಸ್ ಓಡಿಸುವವರಿದ್ದಾರೆ, ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರಿದ್ದಾರೆ. ಕಂಬದ ಹಾಗೆ ನಿಲ್ಲಬೇಡ ಎಂದು ಅವರೆಲ್ಲರಿಗೂ ನಾನು ಕೂಗಿದ್ದೇನೆ. ಈ ಗಳಿಗೆಯಲ್ಲಿ ಅವರಲ್ಲಿ ಯಾರೋ ಒಬ್ಬರು ಯಾವುದೋ ಅಡ್ಡರಸ್ತೆಯ ಬಾಯಲ್ಲಿ, ಯಾರದೋ ಕೈಗೆ ತಲೆಬಾಗಿಸಿ, ಪಕ್ಕಕ್ಕೆ ನೋಡದೆ ಹೊರಡುತ್ತಿರಬಹುದು.

ದೊಡ್ಡಪ್ಪ ಇನ್ನೂ ಬೆಂಚಿನಲ್ಲೇ ಇದ್ದರು. ಅವರ ಮುಂದೆ ಹೋಗಿ ನಿಂತೆ.

“ಆ ರಿಜಿಸ್ಟರ್‌ನಲ್ಲಿ ಎಲ್ಲರ ಫೋನ್ ನಂಬರ್ ಇದೆಯಾ?” ಎಂದು ಕೇಳಿದೆ.