ನುಣ್ಣನೆಯ ಒಲೆ

ನಮ್ಮ ಅಡುಗೆಮನೆಯ ಫೋಟೊವನ್ನು ಈಗ ಊರಿಗೆ ಊರೇ ನೋಡಿದೆ. ಬಿಳಿ ಕಪಾಟು, ಬೂದು ಗೋಡೆ, ಕಿಟಕಿಯ ಬಳಿ ಒಂದು ಹಸಿರು ಗಿಡ, ಕಟ್ಟೆಯ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಒಲೆ. ಅದರ ಕೆಳಗೆ ಹೆಂಗಸರು "ಆಹಾ, ಎಷ್ಟು ನೀಟು", "ಇಂಥ ಅಡುಗೆಮನೆ ಇದ್ದಿದ್ರೆ ನಾನೂ ದಿನಾ ಅಡುಗೆ ಮಾಡ್ತಿದ್ದೆ" ಎಂದೆಲ್ಲ ಬರೆದಿದ್ದಾರೆ. ಅಲ್ಲಿ ದಿನವೂ ಅಡುಗೆ ಮಾಡುತ್ತಿದ್ದವಳು ನಮ್ಮಮ್ಮ. ಫೋಟೊದಲ್ಲಿ ಅವಳಿಲ್ಲ. ಫೋಟೊ ಚೆನ್ನಾಗಿ ಬರಲೆಂದು ಮಾಡಿದ್ದೆಲ್ಲ ಅವಳನ್ನು ಅಲ್ಲಿಂದ ಹೊರಗೆ ಹಾಕಲೆಂದೇ ಮಾಡಿದಂತಿತ್ತು. ಬೇಕೆಂದು ಯಾರೂ ಮಾಡಲಿಲ್ಲವಂತೆ. ಬೇಕೆಂದು ಮಾಡಿದ್ದರೆ ಜಗಳವಾಡುವುದಾದರೂ ಸುಲಭವಾಗುತ್ತಿತ್ತು.

ನಾನು, ಅಮ್ಮ, ಅಣ್ಣ, ಅತ್ತಿಗೆ ಒಂದೇ ಮನೆಯಲ್ಲಿದ್ದೇವೆ. ಮನೆ ಅಣ್ಣನದು. ಅತ್ತಿಗೆ ಫೋನಿನಲ್ಲಿ 'ಮನೆ ಮೆರುಗು' ಎಂಬ ಪುಟ ನಡೆಸುತ್ತಾರೆ. ಮಾರುಕಟ್ಟೆಗೆ ಬಂದ ಹೊಸ ದೀಪ, ಪರದೆ, ಗಡಿಯಾರ, ತಾನೇ ಗುಡಿಸುವ ಯಂತ್ರ, ತಾನೇ ಮುಚ್ಚಿಕೊಳ್ಳುವ ಕಸದ ಡಬ್ಬಿ, ಎಲ್ಲವನ್ನೂ ಹುಡುಕಿ ತಂದು, ಮನೆಯಲ್ಲಿಟ್ಟು, ಹೇಗಿದೆಯೆಂದು ತೋರಿಸುವುದು ಅವರ ಕೆಲಸ. ಕಂಪನಿಗಳೇ ಡಬ್ಬಗಟ್ಟಲೆ ಸಾಮಾನು ಕಳಿಸುತ್ತವೆ. ಬಂದದ್ದು ಕೆಲವು ವಾರ ಇರುತ್ತದೆ, ಆಮೇಲೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಹಜಾರದ ಕುರ್ಚಿ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ನಮಗೆ ಅದೊಂದು ಕಿರಿಕಿರಿ, ಅಷ್ಟೇ. ಅಮ್ಮನಿಗೆ ಹಾಗಲ್ಲ.

ಅಮ್ಮನ ನೋಟದ ನಡುಭಾಗ ಹೋಗಿ ಕೆಲವು ವರ್ಷಗಳಾದವು. ನೇರವಾಗಿ ನೋಡಿದರೆ ಎದುರಿಗಿರುವವರ ಮುಖದ ಜಾಗದಲ್ಲಿ ಒಂದು ಮಸುಕು ಮಚ್ಚೆ ಮಾತ್ರ ಕಾಣುತ್ತದಂತೆ. ಬೆಳಕು, ಬಣ್ಣ, ಆಕಾರ ಎಲ್ಲ ಅಂಚಿನಲ್ಲಿ. ಹಾಗಾಗಿ ಯಾರನ್ನಾದರೂ ನೋಡಬೇಕೆಂದರೆ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತಾಳೆ. ಗೊತ್ತಿಲ್ಲದವರು ಸೊಕ್ಕಿನ ಹೆಂಗಸು ಅಂದುಕೊಳ್ಳುತ್ತಾರೆ. ಅವಳಿಗೆ ಅದೂ ಖುಷಿ. "ಅಂದುಕೊಳ್ಳಲಿ ಬಿಡು, ಸೊಕ್ಕು ಮಾಡೋ ಯೋಗ ಮೊದಲು ಬಂದಿರಲಿಲ್ಲ" ಅನ್ನುತ್ತಾಳೆ. ಕೆಲಸದಲ್ಲಿದ್ದಷ್ಟು ಕಾಲವೂ ಅವಳು ಕೋರ್ಟಿನ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಬೆರಳು ನಂಬಿ ಬದುಕಿದವಳು. ಕಣ್ಣು ಕೈಕೊಟ್ಟಾಗ ಅಡುಗೆಮನೆಯನ್ನೂ ಟೈಪ್‌ರೈಟರಿನ ಹಾಗೆಯೇ ಕಲಿತುಕೊಂಡಳು. ಉಪ್ಪಿನ ಡಬ್ಬಿಯ ಮುಚ್ಚಳ ಸೊಟ್ಟ, ಸಕ್ಕರೆಯದು ಗಾಜು, ಚಹಾಪುಡಿಯದು ತಗಡು. ಹಳೆಯ ಒಲೆಯ ಬಲಗಡೆಯ ನಾಬು ಸ್ವಲ್ಪ ಬಿಗಿ. ಅದನ್ನು ಎಷ್ಟು ತಿರುಗಿಸಿದರೆ ಹಾಲು ಉಕ್ಕದೆ ಕಾಯುತ್ತದೆ ಎನ್ನುವುದು ಅವಳ ಮಣಿಕಟ್ಟಿಗೆ ಗೊತ್ತಿತ್ತು. ಬೆಳಿಗ್ಗೆ ನಾವೆಲ್ಲ ಏಳುವ ಹೊತ್ತಿಗೆ ಚಹಾ ತಯಾರಿರುತ್ತಿತ್ತು. ಆ ಚಹಾದ ಮೇಲೆ ಅವಳ ಇಡೀ ದಿನ ನಿಂತಿತ್ತು.

ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅಡುಗೆಮನೆ ಬದಲಾಗಿತ್ತು. ಕಪಾಟುಗಳಿಗೆ ಹಿಡಿಯಿಲ್ಲ, ಬಾಗಿಲನ್ನು ಒತ್ತಿದರೆ ತೆರೆದುಕೊಳ್ಳುತ್ತದೆ. ಡಬ್ಬಿಗಳೆಲ್ಲ ಒಂದೇ ಅಳತೆ, ಒಂದೇ ಬಿಳುಪು, ಒಂದೇ ಮರದ ಮುಚ್ಚಳ. ಒಲೆಯ ಜಾಗದಲ್ಲಿ ಕರೆಂಟಿನಿಂದ ಕಾಯುವ ಕಪ್ಪು ಗಾಜಿನ ಹಾಳೆ. ಅದರ ಮೇಲೆ ಎಲ್ಲಿ ಮುಟ್ಟಿದರೆ ಉರಿಯುತ್ತದೆ, ಎಲ್ಲಿ ಆರುತ್ತದೆ ಎಂಬುದನ್ನು ಕೂದಲೆಳೆಯಂಥ ಬಿಳಿ ಗೆರೆಗಳಲ್ಲಿ ಬರೆದಿತ್ತು. ಕಣ್ಣು ಚೆನ್ನಾಗಿರುವ ನಾನೇ ಬಗ್ಗಿ ನೋಡಬೇಕಾಯಿತು.

ಅತ್ತಿಗೆಯ ಮುಖ ಸಂಭ್ರಮದಿಂದ ಅರಳಿತ್ತು. "ಹೇಗಿದೆ? ಅತ್ತೆಗೆ ಸರ್ಪ್ರೈಸ್!"

"ಹಳೇ ಒಲೆ ಎಲ್ಲಿ?" ಎಂದೆ.

"ಕೊಟ್ಟುಬಿಟ್ವಿ. ಆ ಎಣ್ಣೆಜಿಡ್ಡು ನಾಬುಗಳು, ಅಬ್ಬಾ! ನೀವೆಲ್ಲ ಹೇಗೆ ಇಷ್ಟು ವರ್ಷ ಸಹಿಸಿಕೊಂಡ್ರೋ."

ಅಮ್ಮ ಕಟ್ಟೆಯ ಬಳಿ ನಿಂತು ಗಾಜಿನ ಮೇಲೆ ಅಂಗೈ ಆಡಿಸುತ್ತಿದ್ದಳು, ಹೊಸ ಬಟ್ಟೆಯ ನೇಯ್ಗೆ ನೋಡುವವರ ಹಾಗೆ. "ನುಣ್ಣಗಿದೆ ಮಗಳೇ," ಎಂದಳು ಸೊಸೆಗೆ. "ಎಷ್ಟು ನುಣ್ಣಗಿದೆ ಅಂದ್ರೆ, ಇದರ ಮೇಲೆ ಏನೂ ಇಲ್ಲವೇ ಇಲ್ಲ."

ಅತ್ತಿಗೆ ಅದನ್ನು ಹೊಗಳಿಕೆ ಎಂದುಕೊಂಡರು.

ಮರುದಿನ ಬೆಳಿಗ್ಗೆ ಚಹಾಕ್ಕೆ ಉಪ್ಪು ಬಿತ್ತು. ಅಣ್ಣ ಒಂದು ಗುಟುಕು ಕುಡಿದು ಸಿಂಕಿಗೆ ಓಡಿದ. "ಏನಮ್ಮಾ ಇದು, ಸಮುದ್ರ ಕುಡಿಸ್ತೀಯಾ?"

"ಎಲ್ಲ ಡಬ್ಬಿಗೂ ಒಂದೇ ಯೂನಿಫಾರ್ಮ್ ಹಾಕಿಸಿದ್ದೀರಲ್ಲೋ," ಎಂದಳು ಅಮ್ಮ. "ಯಾರು ಯಾರು ಅಂತ ಹಾಜರಿ ಕರೆದು ಕೇಳ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಲೆಯ ಹತ್ತಿರ ಅವಳ ಕೈ ತಡಕುವುದನ್ನು ನೋಡುತ್ತ ನನ್ನ ನಗು ಅಲ್ಲೇ ನಿಂತಿತು. ಒಂದು ಕಡೆ ಮುಟ್ಟಿದರೆ 'ಬೀಪ್', ಇನ್ನೊಂದು ಕಡೆ ಮುಟ್ಟಿದರೂ ಅದೇ 'ಬೀಪ್'. ಹೊತ್ತಿತೋ ಆರಿತೋ ತಿಳಿಯಲು ಅವಳು ಪ್ರತಿಸಲವೂ ಪಾತ್ರೆಯ ಪಕ್ಕ ಅಂಗೈ ಹಿಡಿದು ಕಾಯುತ್ತಿದ್ದಳು.

ಯಂತ್ರಗಳ ಜೊತೆ ಬರುವ ಬಳಕೆಯ ಸೂಚನೆಗಳನ್ನು ತಿದ್ದುವುದು ನನ್ನ ಉದ್ಯೋಗ. 'ಒತ್ತಿ' ಎಂದು ಬರೆಯಬೇಕೋ 'ಮುಟ್ಟಿ' ಎಂದು ಬರೆಯಬೇಕೋ ಎಂದು ಅರ್ಧ ದಿನ ಯೋಚಿಸುವವಳು ನಾನು. ಆ ಎರಡರ ನಡುವಿನ ದೂರ ಎಷ್ಟೆಂದು ಅಮ್ಮನ ಕೈ ನೋಡಿದ ಮೇಲೆ ಅರ್ಥವಾಯಿತು. ಅತ್ತಿಗೆಗೆ ಹೇಳಿದೆ. "ಅಭ್ಯಾಸ ಆಗುತ್ತೆ, ವಯಸ್ಸಾದವರಿಗೆ ಹೊಸದು ಅಂದ್ರೆ ಮೊದಲು ಹಾಗೇ" ಎಂದರು. ಅಣ್ಣನಿಗೆ ಹೇಳಿದೆ. "ಅವಳು ಇಷ್ಟಪಟ್ಟು ಮಾಡಿಸಿದ್ದಾಳೆ ಕಣೆ, ಕೊಂಕು ತೆಗೀಬೇಡ" ಎಂದ. ಒಲೆ ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ, ಅದನ್ನು ಬಳಸುವವಳನ್ನು ಒಂದು ಮಾತು ಕೇಳದ್ದಕ್ಕೆ ತಕರಾರು ಎಂದು ಎಷ್ಟೋ ಎಚ್ಚರದಿಂದ ವಾಕ್ಯ ಜೋಡಿಸಿ ಹೇಳಿದ್ದೆ. ಅದೂ ಕೊಂಕಾಯಿತು.

ಆ ಭಾನುವಾರ ಬಣ್ಣವಿಲ್ಲದ ಉಗುರುಬಣ್ಣದ ಶೀಶೆ ತಂದು, ಗಾಜಿನ ಮೇಲೆ ಮುಟ್ಟಬೇಕಾದ ಪ್ರತಿ ಜಾಗದ ಪಕ್ಕಕ್ಕೂ ಒಂದೊಂದು ಹನಿ ಇಟ್ಟೆ. ಒಣಗಿದ ಮೇಲೆ ಅದರ ಮೇಲೊಂದು, ಮತ್ತೊಂದು. ಬೆರಳಿಗೆ ಸಿಗುವ ಪುಟ್ಟ ಗುಳ್ಳೆಗಳಾದವು. ಹೊತ್ತಿಸಲು ಒಂದು ಗುಳ್ಳೆ, ಆರಿಸಲು ಜೋಡಿ ಗುಳ್ಳೆ. ಡಬ್ಬಿಗಳ ಕುತ್ತಿಗೆಗೆ ದಾರ ಕಟ್ಟಿದೆ. ಉಪ್ಪಿಗೆ ಒಂದು ಗಂಟು, ಸಕ್ಕರೆಗೆ ಎರಡು.

ಅಮ್ಮ ಬೆರಳಾಡಿಸಿ ಓದಿಕೊಂಡಳು. ಮುಖವೆಲ್ಲ ಬೆಳಗಿತು. "ಅಯ್ಯೋ, ಇದು ನನ್ನ ಹಳೇ ಮೆಷಿನ್ನೇ! ನಡೀ, ಲೆಟರ್ ಹೊಡೀತೀನಿ," ಎಂದು ಗಾಜಿನ ಮೇಲೆ ಪಟಪಟ ಬೆರಳು ಕುಣಿಸಿದಳು. ಒಲೆ ಬೀಪ್ ಬೀಪ್ ಎಂದು ಗಾಬರಿಯಾಯಿತು. ಮರುದಿನದಿಂದ ಚಹಾ ಮೊದಲಿನಂತಾಯಿತು. ಕೆಲವು ವಾರ ಹಾಗೇ ನಡೆಯಿತು.

ಆಮೇಲೆ ಒಲೆಯ ಕಂಪನಿಯವರು ವೀಡಿಯೊ ತೆಗೆಯಲು ಬರುವ ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ, ಅಮ್ಮನ ಕೂಗು ಕೇಳಿ ಓಡಿದೆ. ಅವಳು ನಲ್ಲಿಯ ಕೆಳಗೆ ಬಲಗೈ ಹಿಡಿದು ನಿಂತಿದ್ದಳು. ನಡುವಿನ ಮೂರು ಬೆರಳುಗಳ ತುದಿ ಬೆಳ್ಳಗಾಗಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಹರಿದಿತ್ತು.

"ಹೊತ್ತಿಸೋ ಜಾಗ ಹೇಗೋ ಸಿಕ್ತು, ಆರಿಸೋ ಜೋಡಿ ಗುಳ್ಳೆ ಸಿಗಲಿಲ್ಲ ಕಣೇ," ಎಂದಳು. "ಹುಡುಕ್ತಾ ಹೋದೆ, ಹುಡುಕ್ತಾ ಹೋದೆ, ಕೈ ಕಾದ ಗಾಜಿನ ಮೇಲೇ ಹೋಯ್ತು."

ಗಾಜನ್ನು ಮುಟ್ಟಿ ನೋಡಿದೆ. ನುಣ್ಣಗಿತ್ತು. ಒಂದು ಗುಳ್ಳೆಯೂ ಇರಲಿಲ್ಲ. ಡಬ್ಬಿಗಳ ದಾರವೂ ಇರಲಿಲ್ಲ.

ಅತ್ತಿಗೆ ಓಡಿಬಂದು ಅಮ್ಮನ ಕೈ ನೋಡಿ ಅತ್ತೇಬಿಟ್ಟರು. ನಿಜವಾದ ಅಳು, ಅದರಲ್ಲಿ ನನಗೆ ಅನುಮಾನವಿಲ್ಲ. ಹತ್ತಿರದಿಂದ ತೆಗೆಯುವ ಶಾಟಿನಲ್ಲಿ ಆ ಗುಳ್ಳೆಗಳು ಗಾಜಿನ ಮೇಲೆ ಕಲೆಯಂತೆ ಕಾಣುತ್ತವೆ, ಅದಕ್ಕೇ ಬ್ಲೇಡಿನಿಂದ ಕೆರೆದೆ, ಶೂಟಿಂಗ್ ಮುಗಿದ ಮೇಲೆ ನೀನು ಮತ್ತೆ ಹಾಕುತ್ತೀಯಲ್ಲ ಅಂದುಕೊಂಡೆ ಎಂದರು.

"ಅಮ್ಮನಿಗೆ ಹೇಳಿದ್ರಾ?"

"ಹೇಳೋಣ ಅಂತಿದ್ದೆ..."

ಕಣ್ಣಿಲ್ಲದವರ ಕೈಯಿಂದ ಕೋಲು ಕಿತ್ತುಕೊಂಡು 'ಹೇಳೋಣ ಅಂತಿದ್ದೆ' ಅಂದ ಹಾಗೆ. ಅಮ್ಮನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ.

ಸಂಜೆ ಅಣ್ಣ ತೀರ್ಪು ಕೊಟ್ಟ. "ಇನ್ಮೇಲೆ ಅಮ್ಮ ಅಡುಗೆಮನೆಗೆ ಹೋಗೋದು ಬೇಡ. ಕೂತಲ್ಲಿಗೇ ಎಲ್ಲ ತಂದುಕೊಡೋಣ. ಸೇಫ್ಟಿ ಮುಖ್ಯ."

"ಮೂವತ್ತು ವರ್ಷ ನಿನಗೆ ಬೇಯಿಸಿ ಹಾಕಿದಾಗ ಯಾವ ಸೇಫ್ಟಿ ಇತ್ತೋ?" ಎಂದೆ.

"ಆಗ ಕಣ್ಣಿತ್ತು."

"ಮೊನ್ನೆವರೆಗೆ ಕಣ್ಣಿಲ್ಲದೆಯೂ ಮಾಡ್ತಿದ್ಲು. ಆ ಗುಳ್ಳೆಗಳಿದ್ವು!"

"ಕಿರುಚಬೇಡ. ಹೇಳಿದ್ದು ಅಮ್ಮನ ಒಳ್ಳೇದಕ್ಕೇ."

ಅಮ್ಮ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಎಂದರೆ ನಮ್ಮನ್ನೇ ನೋಡುತ್ತಿದ್ದಳು. ಅವತ್ತು ಅವಳು ಜೋಕು ಮಾಡಲಿಲ್ಲ. ಮರುದಿನ ಬೆಳಿಗ್ಗೆ ಎದ್ದು, ಅಡುಗೆಮನೆಯ ಬಾಗಿಲವರೆಗೆ ಹೋಗಿ, ಹೊಸ್ತಿಲಲ್ಲಿ ನಿಂತು, ವಾಪಸು ಬಂದು ಮಂಚದ ಮೇಲೆ ಕೂತಳು. ಬಾಗಿಲಿಗೆ ಬೀಗವಿರಲಿಲ್ಲ. ಅಣ್ಣನ ಮಾತೇ ಸಾಕಾಗಿತ್ತು.

ವೀಡಿಯೊದವರು ಬಂದರು. ಒಬ್ಬ ಕ್ಯಾಮೆರಾದವನು, ಕಂಪನಿಯ ಕಡೆಯಿಂದ ಚುರುಕಾದ ಒಬ್ಬ ಹುಡುಗಿ. ಹಜಾರದ ತುಂಬ ದೀಪದ ಕಾಲುಗಳು, ವಯರುಗಳು. ಆ ಹುಡುಗಿ ಅಮ್ಮನನ್ನು ನೋಡಿ ಕೈ ತಟ್ಟಿದಳು. "ವಾವ್, ಆಂಟಿ ಸೂಪರ್ ಇದಾರೆ! ಇವರು ಒಲೆ ಮುಂದೆ ನಿಂತು 'ನನ್ನಂಥವಳಿಗೂ ಎಷ್ಟು ಸುಲಭ' ಅಂದ್ರೆ ಸಾಕು. ಕೈ ಮೇಲೆ ಒಂದು ಟವೆಲ್ ಹಾಕ್ಕೊಳ್ಳಿ ಆಂಟಿ, ಬ್ಯಾಂಡೇಜ್ ಕಾಣಬಾರದು."

ಅಣ್ಣನೇ ಅಮ್ಮನ ಭುಜ ಹಿಡಿದು ಅಡುಗೆಮನೆಯೊಳಗೆ ಕರೆದುಕೊಂಡು ಹೋದ. ಹೋಗಬೇಡ ಎಂದಿದ್ದ ಅದೇ ಅಡುಗೆಮನೆ.

"ಆಂಟಿ, ನೇರ ಕ್ಯಾಮೆರಾ ನೋಡಿ," ಎಂದ ಕ್ಯಾಮೆರಾದವನು.

ಅಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು.

"ಅಲ್ಲ ಆಂಟಿ, ಇಲ್ಲಿ. ನೇರ."

"ನೇರ ನೋಡಿದ್ರೆ ನೀನು ಕಾಣಲ್ಲಪ್ಪ."

"ಕಾಣಬೇಕಾಗಿಲ್ಲ ಆಂಟಿ. ನೋಡಿದ ಹಾಗೆ ಇದ್ರೆ ಸಾಕು."

ನಾನು ಕಟ್ಟೆಯ ಪಕ್ಕ ನಿಂತಿದ್ದೆ. ಅಮ್ಮ ಕೈ ಮೇಲಿನ ಟವೆಲನ್ನು ಸರಿಮಾಡಿಕೊಂಡು, "ಹೇಳ್ತೀನಿ," ಎಂದಳು. "ಆದ್ರೆ ಒಂದು ಮಾತು ಮಗನೇ. ಸುಲಭ ಅಂತ ಹೇಳಿದ ಮೇಲೆ, ನಾಳೆಯಿಂದ ನಾನು ಚಹಾ ಮಾಡಬಹುದಾ?"

"ಅಮ್ಮಾ, ಅದು ಬೇರೆ ವಿಷಯ. ಆಮೇಲೆ ಮಾತಾಡೋಣ."

"ಯಾಕೆ, ಇವರು ಇದನ್ನ ಬಳಸಲ್ವಾ?" ಎಂದು ಕೇಳಿದಳು ಕಂಪನಿಯ ಹುಡುಗಿ.

ನಾನು ಟವೆಲನ್ನು ಎತ್ತಿದೆ. "ಬಳಸಿದ್ದಾರೆ," ಎಂದೆ. "ಇದು ಬಳಸಿದ ಕೈ."

ದೀಪಗಳು ಉರಿಯುತ್ತಲೇ ಇದ್ದವು. ಆ ಹುಡುಗಿ ನಾಚಿಕೆಪಡುತ್ತಾಳೆ ಎಂದು ನಾನು ನಂಬಿದ್ದೆ. ಅವಳು ಗಡಿಯಾರ ನೋಡಿಕೊಂಡಳು. "ಓಕೆ, ಆಂಟಿ ಶಾಟ್ ಬೇಡ. ಆ ಡೈಲಾಗ್ ನೀವೇ ಹೇಳಿಬಿಡಿ ಮೇಡಂ," ಎಂದಳು ಅತ್ತಿಗೆಗೆ. ಅಮ್ಮನನ್ನು ಕುರ್ಚಿ ಸರಿಸಿದಂತೆ ಹೊರಗೆ ಸರಿಸಿದರು. ಅತ್ತಿಗೆ ತುಟಿ ಒರೆಸಿಕೊಂಡು, ಮುಗುಳ್ನಕ್ಕು, "ನಮ್ಮತ್ತೆಗೂ ಎಷ್ಟು ಸುಲಭ!" ಎಂದರು. ಮೊದಲನೆಯ ಸಲಕ್ಕೇ ಸರಿಯಾಗಿ ಬಂತು.

ನಾನು ಚಪ್ಪಲಿ ಮೆಟ್ಟಿ ಹೊರಟೆ. ಎರಡು ಬೀದಿ ಆಚೆ ವಿದ್ಯುತ್ ಸಾಮಾನಿನ ಒಂದು ಹಳೆಯ ಅಂಗಡಿಯಿದೆ. "ನಾಬ್ ಇರೋ ಒಲೆ ಕೊಡಿ," ಎಂದೆ.

"ಅದನ್ನ ಈಗ ಯಾರೂ ತಗೊಳಲ್ಲ ಮೇಡಂ. ಈ ಟಚ್ ಮಾಡೆಲ್ ನೋಡಿ, ಮನೆಗೇ ಒಂದು ಲುಕ್ ಬರುತ್ತೆ."

"ಲುಕ್ ನಮ್ಮಲ್ಲಿ ಬೇಕಾದಷ್ಟಿದೆ. ನಾಬ್ ಇರೋದು ಕೊಡಿ."

ಕೆಳಗಿನ ಹಲಗೆಯಿಂದ ಧೂಳು ಹಿಡಿದ ಜೋಡಿ ಒಲೆಯೊಂದನ್ನು ಎಳೆದು ಕೊಟ್ಟರು. ಕಣ್ಣು ಮುಚ್ಚಿಕೊಂಡು ಎರಡೂ ನಾಬುಗಳನ್ನು ತಿರುಗಿಸಿ ನೋಡಿದೆ. ಪ್ರತಿ ಹಂತದಲ್ಲೂ 'ಟಕ್' ಎನ್ನುತ್ತಿತ್ತು. ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ.

ನಾನು ಮನೆಗೆ ಬಂದಾಗ ವೀಡಿಯೊದವರು ದೀಪಗಳನ್ನು ಮಡಿಸಿಕೊಂಡು ಹೋಗಿದ್ದರು. ಒಲೆಯನ್ನು ಆ ಕಪ್ಪು ಗಾಜಿನ ಪಕ್ಕ, ಹಸಿರು ಗಿಡವಿದ್ದ ಜಾಗದಲ್ಲಿಟ್ಟು ಪ್ಲಗ್ ಹಾಕಿದೆ.

"ಅಯ್ಯೋ, ಇದೇನಿದು!" ಎಂದರು ಅತ್ತಿಗೆ. "ಇಡೀ ಲುಕ್ ಹಾಳಾಯ್ತು."

"ಇದು ಇಲ್ಲೇ ಇರುತ್ತೆ ಅತ್ತಿಗೆ."

"ಯಾರನ್ನ ಕೇಳಿ ತಂದೆ?" ಎಂದ ಅಣ್ಣ. "ಅಮ್ಮ ಒಲೆ ಮುಟ್ಟೋದು ಬೇಡ ಅಂತ ಹೇಳಿದ್ದೀನಿ ತಾನೇ? ಒಂದು ಸಲ ಕೈ ಸುಟ್ಟುಕೊಂಡಿದ್ದು ಸಾಲದಾ?"

"ನನ್ನ ಕೈ ಸುಟ್ಟಿದ್ದು ಒಲೆಯಲ್ಲ ಕಣೋ," ಎಂದಳು ಅಮ್ಮ. ಯಾವಾಗ ಎದ್ದು ಬಂದಳೋ, ನಮ್ಮ ಬೆನ್ನ ಹಿಂದೆ ಹೊಸ್ತಿಲಲ್ಲಿದ್ದಳು. "ಬ್ಲೇಡು."

ಅತ್ತಿಗೆಯ ಮುಖ ಕೆಂಪೇರಿತು. "ನಂಗೆ ಗೊತ್ತಾಗ್ಲಿಲ್ಲ ಅತ್ತೆ. ನಿಜವಾಗ್ಲೂ."

"ಕೇಳಿದ್ರೆ ಹೇಳ್ತಿದ್ದೆ ಮಗಳೇ. ಕಣ್ಣು ಹೋಗಿದೆ, ಬಾಯಿ ಇದೆಯಲ್ಲ." ಆಮೇಲೆ ಅಣ್ಣನಿಂದ ಮುಖ ತಿರುಗಿಸಿ, ಅಂದರೆ ಅವನನ್ನು ಚೆನ್ನಾಗಿ ನೋಡುತ್ತ, ಹೇಳಿದಳು: "ಕೂತಲ್ಲಿಗೇ ತಂದುಕೊಡ್ತೀನಿ ಅಂದೆಯಲ್ಲ. ನಾಲ್ಕು ದಿನ ನೀನು ಕೂತು ನೋಡು. ಈಗ ಆ ಕಡೆ ಸರಿ, ದಾರಿ ಬಿಡು."

ಅಣ್ಣ ಸರಿದ.

ಅಮ್ಮ ಎಡಗೈಯಿಂದ ನಾಬನ್ನು ಹುಡುಕಿ ತಿರುಗಿಸಿದಳು. ಟಕ್. ಇನ್ನೊಮ್ಮೆ, ಟಕ್. ಆರಿಸಿದಳು, ಮತ್ತೆ ಹಚ್ಚಿದಳು. ಡಬ್ಬಿಗಳಿಗೆ ಗಂಟು ಹಾಕಲು ನನ್ನಿಂದ ದಾರ ತರಿಸಿದಳು.

ವೀಡಿಯೊ ಮುಂದಿನ ವಾರ ಹೊರಬಂತು. 'ನಮ್ಮತ್ತೆಗೂ ಎಷ್ಟು ಸುಲಭ' ಎಂಬ ಆ ಒಂದು ಮಾತನ್ನಾದರೂ ತೆಗೆಸಿ ಎಂದು ಅತ್ತಿಗೆಯನ್ನು ಕೇಳಿದೆ. ಕಂಪನಿಯೊಂದಿಗೆ ಕರಾರಾಗಿದೆ, ಆಗುವುದಿಲ್ಲ ಎಂದರು. ಎಷ್ಟೋ ಮನೆಗಳವರು ನಂಬಿ ಕೊಳ್ಳುತ್ತಾರಲ್ಲ ಎಂದರೆ, ಕೊಳ್ಳುವವರಿಗೆ ಕಣ್ಣಿರುತ್ತದೆಯಲ್ಲ ಎಂದು ಅಣ್ಣ ನಡುವೆ ಬಾಯಿ ಹಾಕಿದ. ಕೊಳ್ಳುವವರಿಗೆ ಇರುತ್ತದೆ, ಬಳಸುವವರಿಗೆ? ವೀಡಿಯೊದ ಕೆಳಗೆ ನಡೆದದ್ದನ್ನು ಬರೆದೆ, ಒಂದೇ ವಾಕ್ಯ, ಬೈಗುಳವಿಲ್ಲದೆ. ಸಂಜೆಯೊಳಗೆ ಅಳಿಸಿದ್ದರು. ಮತ್ತೆ ಬರೆದೆ.

ಅತ್ತಿಗೆ ಹಜಾರದಲ್ಲಿ ಕೂತು ಯಾರಿಗೋ ಆ ವೀಡಿಯೊ ಹಾಕಿ ತೋರಿಸುತ್ತಿದ್ದರು. "ನಮ್ಮತ್ತೆಗೂ ಎಷ್ಟು ಸುಲಭ!" ಎಂಬ ದನಿ ಅಡುಗೆಮನೆಗೂ ಕೇಳಿಸಿತು. ಅಮ್ಮ ಹಾಲಿನ ಪಾತ್ರೆಯ ಮುಂದೆ ನಿಂತು ನಾಬನ್ನು ಒಂದು ಹಂತ ಇಳಿಸಿದಳು.

"ಯಾರ ಅತ್ತೇನೋ ಪಾಪ," ಎಂದಳು. "ಬೆರಳು ಹುಷಾರು ಅಂತ ಅವಳಿಗೆ ಯಾರಾದ್ರೂ ಹೇಳಿದ್ರೇನೇ?"