ಬೈದರೆ ಮೊಳೆಯುವ ಕಾಮಕಸ್ತೂರಿ

ನಮ್ಮ ದ್ವೀಪದಲ್ಲಿ ಕಾಮಕಸ್ತೂರಿ ಬಿತ್ತುವಾಗ ಬೈಯಬೇಕು. ಬಾಯಿಗೆ ಬಂದದ್ದನ್ನೆಲ್ಲ ಅಂದು, ಬೀಜವನ್ನು ಮಣ್ಣಿನ ಮೇಲೆ ಬೀಸಿ ಒಗೆದು, ಅಂಗೈಯಿಂದ ಪಟಪಟನೆ ತಟ್ಟಿ ಎದ್ದು ಬರಬೇಕು. ಮುದ್ದು ಮಾಡಿದರೆ ಅದು ಒಳಗೇ ನಿದ್ದೆ ಹೋಗುತ್ತದಂತೆ. ದೇವರ ಗಿಡಕ್ಕೆ ಬೈಗುಳವೇಕೆಂದು ಯಾರೂ ಕೇಳಿದ್ದಿಲ್ಲ. ಮಣ್ಣಲ್ಲಿ ಹೂತುಹೋಗಿದ್ದ ಯೇಸುವಿನ ಶಿಲುಬೆ ಸಿಕ್ಕಿದ ಜಾಗದಲ್ಲಿ ಬೆಳೆದು ನಿಂತಿದ್ದ ಗಿಡವೆಂದು ನಾವು ಅದನ್ನು ಅಡುಗೆಗೂ ಹಾಕುವುದಿಲ್ಲ. ಸೆಪ್ಟೆಂಬರಿನ ಶಿಲುಬೆ ಹಬ್ಬಕ್ಕೆ ಚರ್ಚಿಗೆ ಒಯ್ದು, ಪಾದ್ರಿಗಳು ಹರಸಿಕೊಟ್ಟ ಕಡ್ಡಿಯನ್ನು ನೀರಲ್ಲಿಟ್ಟು, ಆ ನೀರಿನಿಂದ ವರ್ಷದ ರೊಟ್ಟಿಗೆ ಹೊಸ ಹುಳಿಹಿಟ್ಟು ಕಲಸುತ್ತೇವೆ.

ಬೈಯುವುದರಲ್ಲಿ ಅರ್ಗಿರೋಳನ್ನು ಮೀರಿಸಿದವರಿರಲಿಲ್ಲ. ಸುಣ್ಣ ಬಳಿದ ಅವಳ ಎಣ್ಣೆ ಡಬ್ಬದಲ್ಲಿ ಬೆಳೆದಷ್ಟು ದುಂಡಗಿನ ಗಿಡ ಊರಲ್ಲಿ ಇನ್ನೊಂದು ಇರುತ್ತಿರಲಿಲ್ಲ. ಬೀಜ ಅವಳ ತಾಯಿಯದು. ವರ್ಷವರ್ಷವೂ ಉದುರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಪಟದ ಹಿಂದೆ ಇಟ್ಟುಕೊಂಡು ಬಂದದ್ದು.

ಆ ಚಳಿಗಾಲ ಅವಳ ಗಂಡ ಲಾಂಬ್ರೋಸ್ ಎದೆಯಲ್ಲಿ ಕಫ ಕಟ್ಟಿ ಮಲಗಿದ. ಆರನೆಯ ದಿನ ಅರ್ಗಿರೋ ಮಾತೆ ಮರಿಯಳ ಪಟದ ಮುಂದೆ ನಿಂತು, "ಇವನನ್ನ ಎಬ್ಬಿಸಿಕೊಡು ತಾಯಿ. ಬರೋ ಕ್ರಿಸ್ಮಸ್ ತನಕ ನನ್ನ ಬಾಯಿಂದ ಒಂದು ಬೈಗುಳ ಬಂದ್ರೆ ಕೇಳು," ಎಂದಳು. ಲಾಂಬ್ರೋಸ್ ಎದ್ದ. ಕಾಮಕಸ್ತೂರಿಯ ನೆನಪಾದದ್ದು ಹರಕೆ ಹೊತ್ತ ಮೇಲೆ.

ಮಾರ್ಚಿನಲ್ಲಿ ಗಂಟಿನಿಂದ ಅರ್ಧದಷ್ಟು ಬೀಜ ತೆಗೆದು, "ಬಾ ಕಂದಾ, ಏಳು ಚಿನ್ನಾ," ಎನ್ನುತ್ತ ಒಂದೊಂದನ್ನೇ ಇಟ್ಟಳು. ಮೇಲೆ ಎರಡು ಬೆರಳು ಮಣ್ಣನ್ನು ಕಂಬಳಿಯಂತೆ ಹೊದಿಸಿದಳು. ತಿಂಗಳು ಕಳೆಯಿತು. ಒಂದು ಎಳೆಯೂ ಮೇಲೆ ಬರಲಿಲ್ಲ.

ಪಕ್ಕದ ಮನೆಯ ಮೆಲ್ಪೋ ಗೋಡೆಯ ಮೇಲಿಂದ ಇಣುಕಿದಳು. "ಅಕ್ಕಾ, ಲಾಲಿ ಹಾಡಿದ್ರೆ ಬೀಜ ಮಲಗದೆ ಇನ್ನೇನ್ ಮಾಡುತ್ತೆ? ಎರಡು ಬೈದು ಒಗೀಬಾರ್ದಾ?"

"ಮಾತೆ ಮರಿಯಳಿಗೆ ಮಾತು ಕೊಟ್ಟಿದ್ದೀನಿ ಕಣೇ."

"ಹಾಗಾದ್ರೆ ನಾನೇ ಬಂದು ಬೈತೀನಿ ಬಿಡು."

"ಬೇಡಮ್ಮ. ಮನೆಯವರೇ ಬೈಬೇಕು. ಹೊರಗಿನವರು ಬೈದ್ರೆ ಅದು ಜಗಳ ಆಗುತ್ತೆ." ಅರ್ಗಿರೋ ಗಂಟನ್ನು ಬಿಚ್ಚಿ ನೋಡಿದಳು. ಒಂದು ಚಿಟಿಕೆ ಉಳಿದಿತ್ತು. "ಇದೂ ಏಳ್ಲಿಲ್ಲ ಅಂದ್ರೆ ಅಮ್ಮನ ಬೀಜ ನನ್ನ ಕೈಯಲ್ಲೇ ಮುಗಿದುಹೋಯ್ತು."

ಒಳಗೆ ಕೂತಿದ್ದ ಲಾಂಬ್ರೋಸನಿಗೆ ಇದು ಕೇಳಿಸಿತು. ಅವನೋ, ಹೊರೆ ಹೇರುವ ಮುಂಚೆ ಕತ್ತೆಯ ಹತ್ತಿರವೂ ಕ್ಷಮೆ ಕೇಳುವ ಮನುಷ್ಯ. ಈಸ್ಟರ್ ಕಳೆದ ಭಾನುವಾರ, ಚರ್ಚಿನಿಂದ ಬಂದವನೇ ಗಂಟು ತೆಗೆದುಕೊಂಡು ಡಬ್ಬದ ಮುಂದೆ ಮಂಡಿಯೂರಿದ. ಬಟ್ಟೆ ಮಡಚುತ್ತಿದ್ದ ಅರ್ಗಿರೋ ಕಿಟಕಿಯಿಂದ ನೋಡಿದಳು.

"ಎಲೈ ಬೀಜವೇ," ಎಂದ. ಕೆಮ್ಮಿದ. "ನೀನು ಅಷ್ಟೇನೂ ಒಳ್ಳೆಯವಳಲ್ಲ."

"ಲಾಂಬ್ರೋ ಅಣ್ಣಾ," ಗೋಡೆಯಾಚೆಯಿಂದ ಮೆಲ್ಪೋ ಕೂಗಿದಳು, "ಅದು ಬೈಗುಳಾನಾ, ಹೆಣ್ಣು ನೋಡೋ ಶಾಸ್ತ್ರಾನಾ?"

ಲಾಂಬ್ರೋಸ್ ಕೆಂಪಗಾದ. ಅವನದೆಂಬ ಬೈಗುಳ ಅವನಲ್ಲಿ ಒಂದೂ ಇರಲಿಲ್ಲ. ನಲವತ್ತು ವರ್ಷ ಹೆಂಡತಿಯ ಬಾಯಿಂದ ಕೇಳಿದ್ದು ಮಾತ್ರ ಇತ್ತು. ಕಣ್ಣು ಮುಚ್ಚಿ ಅದನ್ನೇ ಶುರುಮಾಡಿದ.

"ಏಯ್ ದಂಡಪಿಂಡ! ಮೀನು ತರ್ತೀನಿ ಅಂತ ಹೋಗಿ ಬಲೇನೂ ಕಳ್ಕೊಂಡು ಬಂದ್ಯಲ್ಲ! ನನ್ನ ತಂಗಿ ಮದುವೇಲಿ ಗೊರಕೆ ಹೊಡೆದ್ಯಲ್ಲ! ಟೋಪಿ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕಿಸಿದ್ಯಲ್ಲ!" ದನಿ ಏರಿತು. "ಒಂದು ಗುಟುಕು ಗಂಜಿ ಕುಡಿ ಅಂದ್ರೆ ಮುಖ ತಿರುಗಿಸ್ತೀಯಾ? ನನ್ನೊಬ್ಬಳನ್ನೇ ಬಿಟ್ಟು ಹೊರಟುಬಿಡೋಣ ಅಂತಿದ್ದೀಯಾ, ದ್ರೋಹಿ?"

ಅಲ್ಲಿಗೆ ಕಣ್ಣು ತೆರೆದ. ಬೀಜ ಒಗೆದು ತಟ್ಟಿಬಿಟ್ಟ. ಒಳಗೆ ಅರ್ಗಿರೋ ಮಡಚಿದ ಬಟ್ಟೆಗಳ ಮೇಲೆಯೇ ಕೂತುಬಿಟ್ಟಿದ್ದಳು. ಅವನು ಒಂದನ್ನೂ ಮರೆತಿರಲಿಲ್ಲ.

ಮುಂದಿನ ಭಾನುವಾರ ಮಣ್ಣಿನ ತುಂಬ ಎರಡೆರಡು ಎಲೆಯ ಹಸಿರು ಚುಕ್ಕೆಗಳು. ಮೇಲೆಯೇ ಬಿದ್ದ ಬೀಜಕ್ಕೆ ಬಿಸಿಲು ತಾಗಿತು, ಅಷ್ಟೇ ಎನ್ನುವವರು ಅನ್ನಲಿ. ಬಿಸಿಲನ್ನು ಕೊಡುವವನೂ ಆ ದೇವರೇ ಅಲ್ಲವೆ?

ಲಾಂಬ್ರೋಸ್ ಕೂಗಿದ ಕೂಗಿಗೆ ಅರ್ಗಿರೋ ಓಡಿಬಂದಳು. ಗಿಡಗಳನ್ನು ಕಂಡು ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. ಚರ್ಚಿಗೆಂದು ಹಾಕಿದ ಕರಿ ಪ್ಯಾಂಟಿನಲ್ಲೇ ಅವನು ಕೆಸರಲ್ಲಿ ಕೂತಿದ್ದ. ಅವಳ ಬಾಯಿ ತೆರೆಯಿತು. ತಟ್ಟನೆ ಮುಚ್ಚಿಕೊಂಡಿತು.

"ತಡೆ, ನೀನು ಮಾತು ಕೊಟ್ಟಿದ್ದೀಯ," ಎಂದ ಲಾಂಬ್ರೋಸ್. "ನಾನೇ ಹೇಳ್ಕೋತೀನಿ. ಒಳ್ಳೇ ಪ್ಯಾಂಟ್ ಹಾಕ್ಕೊಂಡು ಕೆಸರಲ್ಲಿ ಕೂತಿದ್ದೀಯಲ್ಲ ಮುದುಕಾ, ಒಗೆಯೋರು ಯಾರು, ನಿಮ್ಮಪ್ಪನಾ?"

ಅರ್ಗಿರೋ ಅವನನ್ನು ತೋಳು ಹಿಡಿದು ಎಬ್ಬಿಸಿದಳು.

"ಮುದುಕಾ ಅಲ್ಲ," ಎಂದಳು ಮೆಲ್ಲಗೆ. "ಮುದಿಕತ್ತೆ ಅಂತ ಬರ್ಬೇಕು ಅಲ್ಲಿ."